ಒಣಗದ ಬಟ್ಟೆ, ಭಾವನ ಮಷೀನು

ನನಗೆ ಬರುವ ವಿದ್ಯೆ ಒಂದೇ, ಇನ್ನೊಬ್ಬರ ಹಾಗೆ ಮಾತಾಡುವುದು. ನಮ್ಮೂರ ಹಾಲಿನ ಡೇರಿಯ ಕಾರ್ಯದರ್ಶಿ ಕೆಮ್ಮುವುದು, ಪಿರಿಯಾಪಟ್ಟಣದ ಬಸ್ಸಿನ ಕಂಡಕ್ಟರು ಚಿಲ್ಲರೆ ಇಲ್ಲ ಎನ್ನುವಾಗ ಮೂಗಿನಲ್ಲಿ ಎಳೆಯುವ ರಾಗ, ನಮ್ಮಪ್ಪ ಫೋನೇ ಬೇಡ ಅನ್ನುವಷ್ಟು ಗಟ್ಟಿಯಾಗಿ ಫೋನಿನಲ್ಲಿ ಕೂಗುವುದು, ಎಲ್ಲ ಬರುತ್ತದೆ. ನನ್ನ ದನಿಯಲ್ಲಿ ನಾನೇ ಹೇಳಬೇಕಾದ ಮಾತು ಮಾತ್ರ ಸರಿಯಾದ ಹೊತ್ತಿಗೆ ಬರುವುದಿಲ್ಲ, ಅದು ಬಿಡಿ.

ಮನುಷ್ಯರು ಸಾಲದೆ ಮಷೀನುಗಳನ್ನೂ ಹಿಡಿದಿದ್ದೆ. ನಮ್ಮ ಮನೆಯದು ಎರಡು ಗುಂಡಿಯ ಹಳೆಯ ವಾಷಿಂಗ್ ಮಷೀನು, ಒಂದು ಗುಂಡಿ ಒಗೆಯುವುದಕ್ಕೆ, ಇನ್ನೊಂದು ಹಿಂಡುವುದಕ್ಕೆ. ಹಿಂಡುವಾಗ ಅದು ಮೊದಲು ಗೊರ್ರ್ ಎಂದು ಹಲ್ಲು ಕಡಿಯುತ್ತಿತ್ತು. ಆಮೇಲೆ ದಡದಡ ಕುಣಿಯುತ್ತ ಬಚ್ಚಲ ಬಾಗಿಲ ತನಕ ತಾನೇ ನಡೆದು ಬರುತ್ತಿತ್ತು. ಕೊನೆಗೆ 'ಟೊಂಯ್' ಎಂದು ಉಸಿರು ಬಿಟ್ಟು ನಿಲ್ಲುತ್ತಿತ್ತು. ಇದಿಷ್ಟನ್ನೂ ನಾನು ಮೈಕೈ ಸಮೇತ ಮಾಡಿ ತೋರಿಸುತ್ತಿದ್ದೆ. ಗೊರ್ರ್‌ಗೆ ಅಕ್ಕ ಮುಗುಳ್ನಗುತ್ತಿದ್ದಳು, ದಡದಡಕ್ಕೆ ಬಾಯಿಗೆ ಸೆರಗು ಹಿಡಿಯುತ್ತಿದ್ದಳು, 'ಟೊಂಯ್' ಬಂತೆಂದರೆ ಕಣ್ಣಲ್ಲಿ ನೀರು ಸುರಿಸಿಕೊಂಡು ಗೋಡೆಗೆ ಒರಗುತ್ತಿದ್ದಳು. ಊರೆಲ್ಲ ನಕ್ಕರೂ ಅಕ್ಕ ನಗದಿದ್ದರೆ ಆ ಐಟಂ ನನ್ನ ಲೆಕ್ಕದಲ್ಲಿ ಸತ್ತಂತೆ.

ಅಂಥ ಅಕ್ಕನನ್ನು ಕೆ.ಆರ್. ನಗರಕ್ಕೆ ಮದುವೆ ಮಾಡಿಕೊಟ್ಟರು. ಭಾವನಿಗೆ ಅಲ್ಲಿ ಗೊಬ್ಬರದ ಅಂಗಡಿ. ಒಳ್ಳೆಯವನು ಅಂತ ಎಲ್ಲರೂ ಹೇಳುತ್ತಾರೆ, ಅದೇ ನನಗೆ ಕಷ್ಟ. ಕೆಟ್ಟವನಾಗಿದ್ದರೆ ಅಣಕಿಸುವುದು ಸುಲಭ. ಇವನು ಪ್ರತಿ ಮಾತಿಗೂ ಮುಂಚೆ 'ನೋಡಿ, ವಿಷ್ಯ ಏನಪ್ಪ ಅಂದ್ರೆ' ಎನ್ನುತ್ತಾನೆ. ಆಮೇಲೆ ಗಂಟಲು ಸರಿ ಮಾಡಿಕೊಳ್ಳುತ್ತಾನೆ. ಆಮೇಲೆ ಬರುವ ವಿಷಯ ಇಷ್ಟೇ ಇರುತ್ತದೆ, 'ಇವತ್ತು ಸ್ವಲ್ಪ ಚಳಿ.' ಮದುವೆಯಾದ ಹೊಸತರಲ್ಲಿ ಅಕ್ಕ ಮನೆಗೆ ಬಂದಾಗ ಇದನ್ನು ಮಾಡಿ ತೋರಿಸಿದೆ. ಅಚ್ಚು ಭಾವನೇ. ಅಕ್ಕ ನಗಲಿಲ್ಲ. 'ಅವ್ರು ಅಂಗ್ ಮಾತಾಡೋದು ನಂಗ್ ಇಷ್ಟ ಕಣೋ' ಅಂದಳು. ನನಗೆ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾದದ್ದು ಅವತ್ತಿನಿಂದ.

ಮಾರನೆಯ ವರ್ಷ ಅಕ್ಕ ಹೆರಿಗೆಗೆ ಬಂದಳು. ನಮ್ಮಲ್ಲಿ ಚೊಚ್ಚಲ ಬಾಣಂತನ ತವರಿನದು. ಕೂಸಿಗೆ ಐದು ತಿಂಗಳು ತುಂಬಿದ ಮೇಲೆ ಮಡಿಲು ತುಂಬಿ, ತೊಟ್ಟಿಲು ಕೊಟ್ಟು ಕಳಿಸಬೇಕು. ಐದು ತಿಂಗಳು ಅಕ್ಕ ನಮ್ಮ ಮನೆಯಲ್ಲಿ! ನಾನು ಹೊಸ ಐಟಂಗಳನ್ನು ಕೂಡಿಸಿಟ್ಟುಕೊಂಡೆ. ಹೆಣ್ಣು ಕೂಸು ಹುಟ್ಟಿತು. ಕೂಸಿನ ಹಿಂದೆಯೇ ಆಷಾಢದ ಮಳೆಯೂ ಬಂತು.

ನಮ್ಮ ಕಡೆಯ ಮಳೆ ಸುರಿದು ನಿಲ್ಲುವ ಜಾತಿಯದಲ್ಲ. ಕೊಡಗಿನಲ್ಲಿ ಸುರಿದು ಮಿಕ್ಕಿದ್ದನ್ನು ಜರಡಿ ಹಿಡಿದು ನಮ್ಮ ಮೇಲೆ ಉದುರಿಸುತ್ತದೆ. ವಾರಗಟ್ಟಲೆ ಹಾಗೇ. ಕೂಸು ಮಾತ್ರ ಮಳೆಗಿಂತ ಚುರುಕು. ಅವ್ವ ಹಳೆಯ ಪಂಚೆ ಸೀರೆಗಳನ್ನೆಲ್ಲ ಹರಿದು ಮಾಡಿಟ್ಟಿದ್ದ ತುಂಡುಬಟ್ಟೆಗಳು ಒಂದು ಬೆಳಗಿಗೇ ಮುಗಿಯುತ್ತಿದ್ದವು. ನಡುಮನೆಯಲ್ಲಿ ಒಂದು ಹಗ್ಗ ಕಟ್ಟಿದೆವು. ಸಾಲದೆ ಅಡುಗೆಮನೆಗೊಂದು, ಜಗುಲಿಗೊಂದು, ದೇವರ ಮೂಲೆಯೊಂದನ್ನು ಬಿಟ್ಟು ಎಲ್ಲ ಕಡೆಗೂ ಒಂದೊಂದು. ಮನೆಯಲ್ಲಿ ಎಲ್ಲರೂ ತಲೆ ತಗ್ಗಿಸಿ ಓಡಾಡುತ್ತಿದ್ದೆವು. ಹೊರಗಿನಿಂದ ನೋಡಿದವರಿಗೆ ಬಲು ವಿನಯವಂತರ ಮನೆ ಅನ್ನಿಸಿರಬೇಕು.

ನಮಗೆಲ್ಲ ಬಟ್ಟೆ ಒಣಗಿಸಲು ಬೇರೆ ಜಾಗವಿತ್ತು. ಮನೆಯ ಪಕ್ಕದಲ್ಲೇ ಹೊಗೆಸೊಪ್ಪು ಬೇಯಿಸುವ ಬ್ಯಾರನ್. ಮಳೆಗಾಲದಲ್ಲೇ ಸೊಪ್ಪು ಮುರಿಯುವುದು, ಕಡ್ಡಿಗೆ ಕಟ್ಟಿ ಬ್ಯಾರನ್ನಿಗೆ ಏರಿಸುವುದು, ಸೌದೆ ಉರಿಸಿ ಒಣಗಿಸುವುದು. ಆ ಬಿಸಿಗೋಡೆಯ ಪಕ್ಕದಲ್ಲಿ ಒಂದು ಬಿದಿರಿನ ಗಳ ಕಟ್ಟಿದರೆ ನಮ್ಮ ಪ್ಯಾಂಟು ಶರಟು ಹಪ್ಪಳವಾಗುತ್ತಿದ್ದವು. ವಾಸನೆಯೊಂದೇ ತೊಂದರೆ. ಆ ಮೂರು ನಾಲ್ಕು ತಿಂಗಳು ನಮ್ಮೂರಿನ ಗಂಡಸರು ಬೀಡಿ ಸೇದದೆಯೂ ಬೀಡಿಯಂತೆ ನಾರುತ್ತೇವೆ. ಬಸ್ಸು ಹತ್ತಿದರೆ ಕಂಡಕ್ಟರು ಊರು ಕೇಳದೆಯೇ ಟಿಕೆಟ್ ಹರಿಯುತ್ತಾನೆ. ನಮ್ಮ ಬಟ್ಟೆ ಹೇಗಾದರೂ ಇರಲಿ, ಕೂಸಿನದನ್ನು ಆ ಗೋಡೆಯ ಹತ್ತಿರಕ್ಕೂ ಒಯ್ಯಬಾರದೆಂದು ಅವ್ವ ಕಟ್ಟಪ್ಪಣೆ ಮಾಡಿದ್ದಳು. ಕೆಂಡಕ್ಕೆ ಸಾಂಬ್ರಾಣಿ ಹಾಕಿ, ಮೇಲೆ ಬುಟ್ಟಿ ಬೋರಲು ಹಾಕಿ, ಅದರ ಮೇಲೆ ಒಂದೊಂದೇ ತುಂಡು ಹರವಿ ಒಣಗಿಸುತ್ತಿದ್ದಳು. ಒಂದು ಒಣಗುವ ಹೊತ್ತಿಗೆ ಕೂಸು ಇನ್ನೆರಡು ರೆಡಿ ಮಾಡಿರುತ್ತಿತ್ತು.

ಭಾವ ಭಾನುವಾರ ಭಾನುವಾರ ಬರುತ್ತಿದ್ದ. ಅಂಥ ಒಂದು ಭಾನುವಾರ ನಡುಮನೆಯಲ್ಲಿ ಕುಳಿತು ಕಾಫಿ ಕುಡಿಯುತ್ತಿದ್ದಾಗ ಹಗ್ಗದ ಮೇಲಿನ ಒಂದು ತುಂಡಿನಿಂದ ನೀರು ತೊಟಕ್ಕೆಂದು ಅವನ ಲೋಟಕ್ಕೇ ಬಿತ್ತು. ನಾನು ಹಗ್ಗಕ್ಕೆ ಮನಸ್ಸಿನಲ್ಲೇ ಕೈ ಮುಗಿದೆ. ಭಾವ ಲೋಟ ನೋಡಿದ, ಹಗ್ಗ ನೋಡಿದ, ಗಂಟಲು ಸರಿ ಮಾಡಿಕೊಂಡ.

"ನೋಡಿ ಅತ್ತೆ, ವಿಷ್ಯ ಏನಪ್ಪ ಅಂದ್ರೆ, ನಮ್ಮನೇಲಿ ಈ ತಾಪತ್ರಯ ಇಲ್ಲ. ಒಂದೇ ಮಷೀನು, ಒಗ್ಯೋದೂ ಅದೇ, ಒಣ್ಗ್ಸೋದೂ ಅದೇ. ಒದ್ದೆ ಬಟ್ಟೆ ಕಣ್ಣಿಗೇ ಬೀಳಲ್ಲ. ಮೂರು ತಿಂಗ್ಳಿಗೇ ಕಳ್ಸ್ಕೊಡಿ, ಮಳೇಲಿ ಕೂಸಿಗ್ ಯಾಕ್ ಕಷ್ಟ."

ಅಳಿಯಂದಿರ ಮುಂದೆ ಎದುರಾಡುವ ರೂಢಿ ಅವ್ವನಿಗಿಲ್ಲ. ಅವನು ಹೋದ ಮೇಲೆ ನನ್ನನ್ನು ಒಲೆಯ ಹತ್ತಿರಕ್ಕೆ ಕರೆದಳು.

"ಬಟ್ಟೆ ಒಣ್ಗಲ್ಲ ಅಂತ ಬಾಣಂತೀನ ಮೂರೇ ತಿಂಗ್ಳಿಗ್ ಕಳ್ಸಿದ್ರು ಅನ್ನೋ ಮಾತು ನಂಗ್ ಬ್ಯಾಡ ಕಣ್ಲಾ. ನೀನೂ ನಿಮ್ಮಪ್ಪಾನೂ ಏನಾರ ಮಾಡಿ."

ಅವ್ವನಿಗೆ ಮರ್ಯಾದೆಯ ಚಿಂತೆ. ನನಗಿದ್ದದ್ದು ಬರೀ ಹೊಟ್ಟೆಕಿಚ್ಚು. ಇನ್ನೂ ಎರಡು ತಿಂಗಳ ನಗು ನನ್ನ ಪಾಲಿನದು, ಅದನ್ನು ಒಂದು ಮಷೀನು ತೋರಿಸಿ ಕಿತ್ತುಕೊಂಡು ಹೋಗಲು ಬಂದಿದ್ದಾನೆ ಈ ಮನುಷ್ಯ. ಹೋದ ಸಲದ ಸೊಪ್ಪಿಗೆ ಒಳ್ಳೆಯ ಬೆಲೆ ಸಿಕ್ಕಿತ್ತು. ಅಪ್ಪ 'ನಡಿ ಹುಣಸೂರಿಗೆ' ಅಂದ.

ಅಂಗಡಿಯಲ್ಲಿ ಎರಡು ದಾರಿ ಇತ್ತು. ಭಾವನ ಮನೆಯಂಥದು, ಒಂದೇ ಹೊಟ್ಟೆಯಲ್ಲಿ ಎರಡೂ ಕೆಲಸ ಮಾಡುವುದು. ಇಲ್ಲವೇ ಒಣಗಿಸುವ ಮಷೀನನ್ನೇ ಬೇರೆ ಕೊಂಡು, ಒಗೆಯುವುದಕ್ಕೆ ಹಳೆಯದನ್ನೇ ಇಟ್ಟುಕೊಳ್ಳುವುದು. ಸೇಲ್ಸ್ ಹುಡುಗ ಚೆನ್ನಾಗಿ ಬಿಡಿಸಿ ಹೇಳಿದ. ಒಂದೇ ಆದರೆ ಜಾಗ ಉಳಿಯುತ್ತದೆ, ಬಟ್ಟೆ ಎತ್ತಿ ಹಾಕುವ ಕೆಲಸವಿಲ್ಲ. ಆದರೆ ಒಗೆದಷ್ಟನ್ನೂ ಒಣಗಿಸುವುದಿಲ್ಲ, ಅರ್ಧ ಹೊರಗೆ ತೆಗೆಯಬೇಕು. ಅದು ಒಣಗಿಸುತ್ತಾ ಕುಳಿತರೆ ಮುಂದಿನ ಬಟ್ಟೆ ಕಾಯಬೇಕು, ಹೊತ್ತೂ ಜಾಸ್ತಿ. ಬೇರೆ ಬೇರೆ ಆದರೆ ಒಂದು ಒಣಗಿಸುವಾಗ ಇನ್ನೊಂದು ಒಗೆಯುತ್ತಿರುತ್ತದೆ. ಆದರೆ ಎರಡಕ್ಕೂ ಜಾಗ ಬೇಕು, ನೀರಾವಿ ಹೊರಗೆ ಹೋಗಲು ಗೋಡೆಗೆ ಕಿಂಡಿ ಕೊರೆದು ಪೈಪು ಬಿಡಬೇಕು.

ನಾನು ಅಪ್ಪನಿಗೆ ನಮ್ಮ ಭಾಷೆಗೆ ತಿರುಗಿಸಿ ಹೇಳಿದೆ. ಮೊದಲನೆಯದು ಕೂಡುಕುಟುಂಬ, ಎರಡನೆಯದು ಪಾಲಾದ ಮನೆ. ಕೂಡುಕುಟುಂಬದಲ್ಲಿ ಒಬ್ಬ ಹುಷಾರು ತಪ್ಪಿದರೆ ಎಲ್ಲರೂ ಮಲಗುತ್ತಾರೆ. ಪಾಲಾದ ಮನೆಯಲ್ಲಿ ಒಂದು ಒಲೆ ಆರಿದರೂ ಇನ್ನೊಂದು ಉರಿಯುತ್ತದೆ. ಅಪ್ಪ ಅವನ ಅಣ್ಣನಿಂದ ಪಾಲು ತೆಗೆದುಕೊಂಡವನು. ತಲೆಯಾಡಿಸಿದ.

ಅಷ್ಟರಲ್ಲಿ ಭಾವನ ಫೋನು. ಅಕ್ಕ ಹೇಳಿರಬೇಕು. 'ವಿಷ್ಯ ಏನಪ್ಪ ಅಂದ್ರೆ' ಎಂದು ಶುರು ಮಾಡಿ, ನಮ್ಮನೆಯಂಥದ್ದೇ ತೆಗೆದುಕೊಳ್ಳಿ, ಕಣ್ಣು ಮುಚ್ಚಿ ತೆಗೆದುಕೊಳ್ಳಿ ಅಂದ. ಅಲ್ಲಿಗೆ ನನ್ನ ತೀರ್ಮಾನ ಮುಗಿಯಿತು. ಆ ಮಷೀನು ಬಟ್ಟೆ ಮಡಚಿ ಇಸ್ತ್ರಿ ಮಾಡಿ ಬೀರುವಿನಲ್ಲಿ ಇಡುತ್ತದೆ ಅಂದಿದ್ದರೂ ನಾನು ಕೊಳ್ಳುತ್ತಿರಲಿಲ್ಲ. ಸರಿಯಾದ ಮಷೀನನ್ನು ಪೂರಾ ತಪ್ಪು ಕಾರಣಕ್ಕೆ ಆರಿಸಿದ ಮೊದಲ ಗಿರಾಕಿ ನಾನೇ ಇರಬೇಕು. ಅಪ್ಪ ಒಪ್ಪಿದ್ದು ನನ್ನ ಮಾತಿಗೂ ಅಲ್ಲ. ಬಿಸಿಗಾಳಿ, ಆವಿ ಹೋಗುವ ಪೈಪು, ಇಣುಕುವುದಕ್ಕೆ ಗಾಜು, ಇವನ್ನೆಲ್ಲ ಸುತ್ತಲೂ ನೋಡಿ ಬಂದು ಕೈ ಕಟ್ಟಿಕೊಂಡು ನಿಂತ. "ಇದು ಬ್ಯಾರನ್ನೇ ಕಣ್ಲಾ. ನಂಗ್ ಗೊತ್ತು ಬುಡು."

ಆ ಒಂದು ಮಾತನ್ನು ನಾವು ಅಲ್ಲೇ ತಡೆಯಬೇಕಿತ್ತು.

ಮಷೀನು ಮನೆಗೆ ಬಂತು. ಎರಡೇ ದಿನದಲ್ಲಿ ಹಗ್ಗಗಳು ಖಾಲಿಯಾದವು, ನಾವೆಲ್ಲ ತಲೆಯೆತ್ತಿ ನಡೆದೆವು. ಹಳೆಯದು ದಡದಡ ಒಗೆದು ಹಿಂಡಿ ಕೊಡುವುದು, ಹೊಸದು ಗುಮ್ಮ್ ಎಂದು ಒಣಗಿಸುವುದು. ಬಾಗಿಲು ತೆಗೆದರೆ ತುಂಡುಬಟ್ಟೆಗಳು ಬಿಸಿ ಬಿಸಿ ಇಡ್ಲಿಯಂತೆ ಮೆತ್ತಗೆ. ಅವ್ವ ಒಂದನ್ನು ಕೆನ್ನೆಗೆ ಒತ್ತಿಕೊಂಡು ಸುಮ್ಮನೆ ನಿಂತಿದ್ದಳು. ಅಕ್ಕನ ಕೋಣೆಯ ಬಾಗಿಲಲ್ಲಿ ನಿಂತು ನಾನು ಹಳೆಯದೂ ಹೊಸದೂ ಅತ್ತೆ ಸೊಸೆಯರಂತೆ ಜಗಳವಾಡುವುದನ್ನು ಮಾಡಿದೆ. ಅಕ್ಕ ಹೊಟ್ಟೆ ಹಿಡಿದುಕೊಂಡು, 'ಬಾಣಂತಿನ ಇಂಗ್ ನಗುಸ್ಬಾರ್ದು ಕಣೋ' ಅಂದಳು. ಐದು ತಿಂಗಳು ಗ್ಯಾರಂಟಿ ಅಂದುಕೊಂಡೆ.

ಅಪ್ಪ ಮಾತ್ರ ಆ ಮಷೀನನ್ನು ಮಷೀನಾಗಿ ಬಿಡಲಿಲ್ಲ. ಬ್ಯಾರನ್ನಿನಲ್ಲಿ ಒಂದು ನಿಯಮವಿದೆ. ಎಲೆ ಒಣಗಿತೆಂದು ಉರಿ ಇಳಿಸುವಂತಿಲ್ಲ. ಎಲೆಯ ನಡುವಿನ ದಂಟು ಚಟಕ್ಕೆಂದು ಮುರಿಯುವ ತನಕ ಬಿಸಿ ಏರಿಸುತ್ತಲೇ ಹೋಗಬೇಕು. ದಂಟಿನಲ್ಲಿ ಹಸಿ ಉಳಿದರೆ ಇಡೀ ಬ್ಯಾರನ್ ಬೂಷ್ಟು ಹಿಡಿಯುತ್ತದೆ. ಅಪ್ಪ ಆಯುಷ್ಯವೆಲ್ಲ ಅದನ್ನೇ ಮಾಡಿದವನು. ಸ್ಟೂಲು ಎಳೆದುಕೊಂಡು ಮಷೀನಿನ ಗಾಜಿನ ಮುಂದೆ ಕೂರುತ್ತಿದ್ದ. ಮಷೀನು ನಿಂತ ಮೇಲೆ ಒಂದು ಬಟ್ಟೆ ತೆಗೆದು, ಹೊಲಿಗೆಯ ಅಂಚನ್ನು ಹೆಬ್ಬೆರಳಿನಲ್ಲಿ ಒತ್ತಿ ನೋಡಿ, 'ದಂಟು ಹಸಿ ಅದೆ' ಎಂದು ಮತ್ತೆ ಒಳಗೆ ಹಾಕಿ ಬಿಸಿ ಏರಿಸುತ್ತಿದ್ದ. ತುಂಡುಬಟ್ಟೆಗಳು ಹೇಗೋ ತಡೆದುಕೊಂಡವು.

ಆಮೇಲೆ ಸ್ವೆಟರಿನ ಸರದಿ ಬಂತು.

ಭಾವನ ತಾಯಿ ಮೊಮ್ಮಗಳಿಗೆಂದು ಹೆಣೆದು ಕಳಿಸಿದ್ದ ಹಳದಿ ಉಣ್ಣೆಯ ಸ್ವೆಟರು ಅದು. ಕೂಸು ಅದರ ಮೇಲೆ ಹಾಲು ಕಕ್ಕಿತ್ತು. ಅವ್ವ ಕೈಯಲ್ಲೇ ಒಗೆದು ಜಗುಲಿಯಲ್ಲಿ ಹರವಿದ್ದಳು. ಉಣ್ಣೆ ಒಣಗುವುದು ತಡ. ಭಾನುವಾರ ಬೀಗಿತ್ತಿ ಬರುವವರಿದ್ದರು, ಕೂಸಿನ ಮೈಮೇಲೆ ಅದು ಇರಲೇಬೇಕು. ಅಪ್ಪ ಉಪಕಾರ ಮಾಡಲು ಹೋದ. ಉಣ್ಣೆಗೆ ದಂಟು ಎಲ್ಲಿರುತ್ತದೆ? ಎಲ್ಲಿ ಮುಟ್ಟಿದರೂ ಹಸಿ ಅನ್ನಿಸಿ, ಬಿಸಿ ಮೇಲೆ ಬಿಸಿ ಕೊಟ್ಟಿದ್ದಾನೆ. ಕೊನೆಗೆ ಬಾಗಿಲು ತೆಗೆದು ಕೈಯಲ್ಲಿ ಹಿಡಿದುಕೊಂಡು ಬಂದದ್ದು ಒಂದು ತೆಂಗಿನಕಾಯಿಗೆ ತೊಡಿಸಬಹುದಾದ ಸ್ವೆಟರು. ಕಂಬಳಿಯಂತೆ ಗಟ್ಟಿ. ಅಪ್ಪ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ.

"ಬಣ್ಣ ಮಾತ್ರ ಕೆಟ್ಟಿಲ್ಲ."

ಅವ್ವ ಸೊಂಟದ ಮೇಲೆ ಕೈಯಿಟ್ಟು ಅಪ್ಪನಿಗೆ ಅಂದದ್ದನ್ನೆಲ್ಲ ಇಲ್ಲಿ ಬರೆದರೆ ಅಚ್ಚು ಹಾಕುವವರು ಒಪ್ಪಲಾರರು. ನಾನು ನಗು ತಡೆಯಲು ಬ್ಯಾರನ್ನಿನ ಹಿಂದಕ್ಕೆ ಹೋದೆ. ಅಲ್ಲಿ ನಿಂತಾಗ ನಗು ತಾನಾಗಿ ನಿಂತಿತು. ಬೀಗಿತ್ತಿ ಇದನ್ನು ನೋಡಿದರೆ ಮೂರು ತಿಂಗಳೂ ಇಲ್ಲ, ಅವತ್ತೇ ಸೊಸೆ ಮೊಮ್ಮಗಳನ್ನು ಕಾರಿಗೆ ಹತ್ತಿಸುತ್ತಾರೆ.

ಭಾನುವಾರ ಅವರು ಬಂದರು. ಅವ್ವ ಉಪ್ಪಿಟ್ಟು, ಕೇಸರಿಬಾತು, ಮತ್ತೆ ಉಪ್ಪಿಟ್ಟು ಎಂದು ಮಾತು ತಪ್ಪಿಸುತ್ತಲೇ ಇದ್ದಳು. ನಾನು ಕಂಡಕ್ಟರನ್ನು ಮಾಡಿದೆ, ಡೇರಿ ಕಾರ್ಯದರ್ಶಿಯನ್ನು ಮಾಡಿದೆ. ಅಕ್ಕ ಸುಮ್ಮನೆ ಎದ್ದು ಒಳಗೆ ಹೋಗಿ ಸ್ವೆಟರು ತಂದು ಅತ್ತೆಯ ಅಂಗೈ ಮೇಲೆ ಇಟ್ಟುಬಿಟ್ಟಳು. ಆ ಹೆಂಗಸು ಅದನ್ನು ಹಿಂದೆ ಮುಂದೆ ನೋಡಿ, ತನ್ನ ಎರಡು ಬೆರಳನ್ನು ಅದರ ಎರಡು ತೋಳಿಗೆ ತೂರಿಸಿ ಕುಣಿಸಿದರು.

"ಯಾವ ಬ್ಯಾರನ್ನಲ್ ಬೇಸಿದ್ರಿ ಬೀಗ್ರೇ? ಒಳ್ಳೆ ಬಣ್ಣ ಬಂದದೆ."

ಎಲ್ಲರೂ ನಕ್ಕರು, ಅಪ್ಪನೂ. ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಭಾವ ಎದ್ದು ನಿಂತ. ಹೋದ ಭಾನುವಾರ ಕಂಡಿದ್ದ ಅಪ್ಪನಂತೆ ಸ್ಟೂಲು ಎಳೆದುಕೊಂಡು ಮಷೀನಿನ ಮುಂದೆ ಕೂತು, ಕಣ್ಣು ಕಿರಿದು ಮಾಡಿ ಗಾಜಿನೊಳಕ್ಕೆ ಇಣುಕಿ, ತನ್ನ ಪಂಚೆಯ ಅಂಚನ್ನು ಹೆಬ್ಬೆರಳಿನಲ್ಲಿ ಒತ್ತಿ, 'ದಂಟು ಹಸಿ ಅದೆ' ಅಂದ. ಅಪ್ಪನ ದನಿಯ ಹತ್ತಿರಕ್ಕೂ ಬರಲಿಲ್ಲ. ಕೂರುವ ಭಂಗಿ ತಪ್ಪು, ಹೆಬ್ಬೆರಳು ತಪ್ಪು, ಮಾತಿಗೆ ಮುಂಚೆ ತನ್ನದೇ ಗಂಟಲು ಬೇರೆ ಸರಿ ಮಾಡಿಕೊಂಡಿದ್ದ. ನಾನಾಗಿದ್ದರೆ ಅಷ್ಟು ಕೆಟ್ಟದಾಗಿ ಮಾಡಿದ್ದಕ್ಕೆ ಊರು ಬಿಡುತ್ತಿದ್ದೆ.

ಅಕ್ಕ ನಕ್ಕಳು. ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಸುರಿಸಿಕೊಂಡು ನಕ್ಕಳು. ಅದು 'ಟೊಂಯ್'ನ ನಗು. ನನ್ನದು. ಅದನ್ನು ಇವನು ಇಷ್ಟು ಕಳಪೆ ಮಾಲು ಕೊಟ್ಟು ಪಡೆದುಕೊಂಡ.

ಆ ಸಂಜೆ ಅವರು ಹೋದ ಮೇಲೆ, ಮೂರನೆಯ ತಿಂಗಳು ತುಂಬುತ್ತಲೇ ಹೊರಡುತ್ತೇನೆಂದು ಅಕ್ಕನೇ ಹೇಳಿದಳು. ಅವ್ವ ಬಚ್ಚಲಿಗೆ ಹೋಗಿ ಹಂಡೆಗೆ ಸುಮ್ಮಸುಮ್ಮನೆ ನೀರು ತುಂಬತೊಡಗಿದಳು. ನಾನು ಅಕ್ಕನ ಕೋಣೆಗೆ ಹೋದೆ. ಒಣಗಿದ ತುಂಡುಗಳನ್ನು ಮಡಚುತ್ತಿದ್ದಳು. ಮಷೀನು ತಂದಿದ್ದೇವೆ, ಬಟ್ಟೆ ಒಣಗುತ್ತಿದೆ, ಮತ್ತೇನು ಕಡಿಮೆಯಾಗಿದೆ ಎಂದು ಕೇಳಿದೆ.

"ಬಟ್ಟೆ ಒಣ್ಗ್ದಿದ್ರೂ ಹೋಯ್ತಿದ್ದೆ, ಒಣ್ಗಿದ್ರೂ ಹೋಯ್ತೀನಿ ಕಣೋ. ಬಟ್ಟೆ ಮಾತು ನಿಂ ಭಾವಂದು. ಬಿಟ್ಟಿರಕ್ಕಾಗಲ್ಲ ಅಂತ ಬಾಯ್ಬುಟ್ಟು ಹೇಳಕ್ಕೆ ನಾಚ್ಕೆ, ಅದ್ಕೆ ಮಷೀನ್ ಮ್ಯಾಲೆ ಹಾಕಿದ್ರು."

"ಭಾನುವಾರ ಭಾನುವಾರ ಬತ್ತಾರಲ್ಲ."

"ಭಾನುವಾರ ಬರೋರು ನೆಂಟ್ರು. ಕೂಸಿಗೆ ಅಪ್ಪ ನೆಂಟ ಆಗ್ಬಾರ್ದು."

ಒಂದು ತುಂಡು ತೆಗೆದುಕೊಂಡು ನಾನೂ ಮಡಚಿದೆ. ವಕ್ರವಾಗಿ ಮಡಚಿದ್ದನ್ನು ಅಕ್ಕ ಬಿಚ್ಚಿ ಮತ್ತೆ ಮಡಚಿದಳು.

ಮಡಿಲು ತುಂಬಿ ಕಳಿಸಿದೆವು. ತೊಟ್ಟಿಲೂ ಕೊಟ್ಟೆವು, ಎರಡು ತಿಂಗಳು ಮುಂಚೆಯೇ. ಊರಿನಲ್ಲಿ ಯಾರಾದರೂ ಯಾಕೆ ಬೇಗ ಅಂದರೆ ಅವ್ವ, 'ಅಳಿಯಂದ್ರು ಬಿಟ್ಟಿರಕ್ಕಿಲ್ಲ' ಎಂದು ಸ್ವಲ್ಪ ಗತ್ತಿನಿಂದಲೇ ಹೇಳುತ್ತಿದ್ದಳು. ಮರ್ಯಾದೆ ಉಳಿಯಿತು, ಇನ್ನೂ ಒಂದು ಗೇಣು ಬೆಳೆಯಿತು ಅನ್ನಿ. ನನಗೆ ಉಳಿದದ್ದು ಒಂದು ಒಣಗಿಸುವ ಮಷೀನು. ಕೂಸಿಲ್ಲದ ಮನೆಗೆ ಕರೆಂಟು ದಂಡ ಎಂದು ಅವ್ವ ಅದಕ್ಕೆ ಹಳೆಯ ಸೀರೆ ಹೊದಿಸಿದಳು. ಅಪ್ಪ ಆಗಾಗ ಸೀರೆ ಸರಿಸಿ ಗಾಜಿನೊಳಕ್ಕೆ ಇಣುಕಿ ಬರುತ್ತಿದ್ದ. ನಮ್ಮ ಶರಟುಗಳು ಮತ್ತೆ ಬ್ಯಾರನ್ ಗೋಡೆಗೆ ಹೋದವು.

ಮಳೆ ಕಡಿಮೆಯಾಗುವ ಹೊತ್ತಿಗೆ ಅವ್ವ ಅಂಟಿನುಂಡೆ ಮಾಡಿ ಡಬ್ಬಿ ತುಂಬಿ, ಅಕ್ಕನಿಗೆ ಕೊಟ್ಟು ಬಾ ಎಂದು ನನ್ನನ್ನು ಕೆ.ಆರ್. ನಗರಕ್ಕೆ ಕಳಿಸಿದಳು. ಹೋದೆ. ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ನನ್ನ ಕಣ್ಣು ಹುಡುಕಿದ್ದು ಅಕ್ಕನನ್ನಲ್ಲ, ಆ ಮಷೀನನ್ನು. ಮೂಲೆಯಲ್ಲಿ ಬೆಳ್ಳಗೆ ಹೊಳೆಯುತ್ತಾ ಕೂತಿತ್ತು. ಕೂಸಿನ ಬಟ್ಟೆ ಬೆಳಗಿನ ಕಾಫಿಯ ಹೊತ್ತಿಗೇ ಹಾಕಿದ್ದು ಅಂತ ಅಕ್ಕ ಹೇಳಿದಳು. ನಾನು ಊಟ ಮಾಡಿದೆ, ಅದು ತಿರುಗುತ್ತಿತ್ತು. ನಾನು ಎಲೆಯಡಿಕೆ ಹಾಕಿದೆ, ಅದು ತಿರುಗುತ್ತಿತ್ತು. ಕೊನೆಗೆ ನಿಂತಾಗ ಭಾವ ಹೋಗಿ ಬಟ್ಟೆ ತೆಗೆದ. ಮೇಲಿನವು ಬಿಸಿ, ಒಳಗಿನವು ಮುದ್ದೆಯಾಗಿ ತಣ್ಣಗೆ. ಅವನು ನನ್ನ ಕಡೆ ನೋಡದೆ ಅವನ್ನೆಲ್ಲ ಹೆಗಲ ಮೇಲೆ ಹಾಕಿಕೊಂಡು ಹಿಂದಿನ ಕೋಣೆಗೆ ಹೋದ. ನಾನು ಬಿಡುತ್ತೇನೆಯೇ? ಹಿಂದೆಯೇ ಹೋದೆ. ಅಲ್ಲಿ ಈ ಗೋಡೆಯಿಂದ ಆ ಗೋಡೆಗೆ ಹಗ್ಗ. ಕೆಳಗೆ ಟೇಬಲ್ ಫ್ಯಾನು. ಹಗ್ಗ ಹೊಸದಲ್ಲ, ನಡುವೆ ಜೋತು ಬಿದ್ದು ಕಪ್ಪಾಗಿತ್ತು. ನಮ್ಮ ಮನೆಯ ಹಗ್ಗಕ್ಕಿಂತ ಹಳೆಯದು.

"ನೋಡು ಭಾಮೈದ, ವಿಷ್ಯ ಏನಪ್ಪ ಅಂದ್ರೆ," ಗಂಟಲು ಸರಿ ಮಾಡಿಕೊಂಡ, "ಇದು ಸುಮ್ನೆ, ಗಾಳಿಗೆ."

ಆ ಕ್ಷಣ ನನಗೆ ಅಂಟಿನುಂಡೆಗಿಂತ ಸಿಹಿಯಾಗಿತ್ತು. ದೊಡ್ಡ ಮನಸ್ಸು ಮಾಡಿ ಹಗ್ಗಕ್ಕೆ ಒಂದು ತುಂಡು ನಾನೇ ಹರವಿದೆ.

ಅಕ್ಕ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು, 'ಮಾಮ ಬಂದದೆ ನೋಡು, ಹಳೇ ಮಷೀನ್ ಮಾಡು ಅನ್ನು' ಅಂದಳು. ನಾನು ಮಾಡಿದೆ. ಗೊರ್ರ್ ಎಂದು ಹಲ್ಲು ಕಡಿದೆ. ಕೂಸು ಬಾಯಿ ಬಿಟ್ಟುಕೊಂಡು ನೋಡಿತು. ದಡದಡ ಕುಣಿಯುತ್ತಾ ಬಾಗಿಲ ತನಕ ಹೋದೆ. ಅದರ ಕಾಲು ಆಡತೊಡಗಿತು. 'ಟೊಂಯ್' ಅಂದೆ. ಕೂಸು ನಕ್ಕಿತು. ಮುಗುಳ್ನಗೆಯಲ್ಲ, ಹೊಟ್ಟೆಯೊಳಗಿಂದ ಗುಳುಗುಳು ದನಿ ಬರುವ ನಗು. ಅಕ್ಕ ನನ್ನ ತೋಳು ಹಿಡಿದುಕೊಂಡಳು. ಕೂಸು ದನಿ ತೆಗೆದು ನಕ್ಕದ್ದು ಅದೇ ಮೊದಲಂತೆ. ಇಷ್ಟು ದಿನ ಯಾರು ಏನು ಮಾಡಿದರೂ ನಕ್ಕಿರಲಿಲ್ಲವಂತೆ.

ಬಾಗಿಲಲ್ಲಿ ಭಾವ ನಿಂತಿದ್ದ. ಹೆಗಲ ಮೇಲೆ ಇನ್ನೂ ಒಂದು ಒದ್ದೆ ತುಂಡು. ಅವನ ಮುಖ ನನಗೆ ಚೆನ್ನಾಗಿ ಗೊತ್ತಿತ್ತು, ಒಂದು ಇಡೀ ಮಳೆಗಾಲ ಅದೇ ಮುಖ ಹೊತ್ತುಕೊಂಡು ತಿರುಗಿದ್ದೆನಲ್ಲ. ಹತ್ತಿರ ಬಂದು ಬಗ್ಗಿ ತಾನೂ ಗೊರ್ರ್ ಅಂದ. ಗೊಬ್ಬರದ ಮೂಟೆ ಎಳೆದ ಸದ್ದು ಬಂತು. ಕೂಸು ನಗು ನಿಲ್ಲಿಸಿ, ಸಾಲ ವಸೂಲಿಗೆ ಬಂದವರನ್ನು ನೋಡುವಂತೆ ನೋಡಿತು.

ಸಂಜೆ ನನ್ನನ್ನು ಬಸ್ ಸ್ಟ್ಯಾಂಡಿಗೆ ಬಿಡಲು ಬೈಕಿನಲ್ಲಿ ಬಂದ. ಬಸ್ಸು ಹೊರಡುವ ಹೊತ್ತಿಗೆ ಕಿಟಕಿಯ ಹತ್ತಿರ ಬಂದು, ಈ ಸಲ ವಿಷಯ ಏನಪ್ಪ ಅನ್ನದೆ, ಗಂಟಲೂ ಸರಿ ಮಾಡಿಕೊಳ್ಳದೆ ಕೇಳಿದ.

"ಅದನ್ನ ಎಂಗ್ ಮಾಡ್ತೀಯಪ್ಪ? ನಂಗೂ ಒಂದ್ಸಲ ಹೇಳ್ಕೊಡು."

ಪಾಪ ಅನ್ನಿಸಿತು, ನಿಜವಾಗಿಯೂ. ಬಸ್ಸಿನಿಂದ ಇಳಿದೆ, ಮುಂದಿನ ಬಸ್ಸಿಗೆ ಹೋದರಾಯಿತೆಂದು. ಕಬ್ಬಿನ ಹಾಲಿನ ಅಂಗಡಿಯ ಪಕ್ಕದಲ್ಲಿ ನಿಂತು, ಹಲ್ಲು ಎಲ್ಲಿ ಕಡಿಯಬೇಕು, ಭುಜ ಎಷ್ಟು ಅಲುಗಬೇಕು, ಬಾಗಿಲ ತನಕ ಹೇಗೆ ನಡೆಯಬೇಕು, ಎಲ್ಲ ತಾಳ್ಮೆಯಿಂದ ಹೇಳಿಕೊಟ್ಟೆ. ಕಬ್ಬಿನ ಹಾಲಿನವನು ಗಿರಾಕಿಗಳನ್ನು ಬಿಟ್ಟು ನಮ್ಮನ್ನೇ ನೋಡುತ್ತಿದ್ದ. ಭಾವ ಗೊರ್ರ್ ಅಂದ, ದಡದಡ ಅಂದ, ಪರವಾಗಿಲ್ಲ ಅನ್ನುವ ಮಟ್ಟಕ್ಕೆ ಬಂದ. 'ಇಷ್ಟೇನಾ?' ಎಂದು ಕೇಳಿದ.

ಇಷ್ಟೇ ಭಾವ, ಅಂದೆ. 'ಟೊಂಯ್' ಹೇಳಿಕೊಡಲಿಲ್ಲ.